ಕಾಳಿಯ ಜಲವಿಹಾರ ಮತ್ತು ರಾಮನಗರದ ಪಾಲು

ರಜೆ ಬಂದಿತೆಂದರೆ ನೀರಿದ್ದಲ್ಲಿಗೆ ಹೋಗಬೇಕು ಎಂಬುದು ಇತ್ತೀಚೆಗೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ವ್ರತದಂತೆ ನೆಲೆಗೊಂಡಿದೆ. ನಾವು ಚಿಕ್ಕವರಾಗಿದ್ದಾಗ ರಜೆಯೆಂದರೆ ಅಜ್ಜನ ಮನೆ, ಅದು ಬಿಟ್ಟರೆ ಒಂದು ಜಾತ್ರೆ. ಇಂದಿನ ಮಕ್ಕಳ ಅಜ್ಜಂದಿರೂ ನಗರಗಳಲ್ಲಿಯೇ ನೆಲೆಸಿರುವುದರಿಂದ ಅವರ ಮನಸ್ಸು ಕಾಡು, ಹೊಳೆ, ದೋಣಿಗಳ ಕಡೆಗೆ ತುಡಿಯುವುದು ಸಹಜವೇ ಸರಿ. ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳ ಜನರಿಗೆ ಶನಿವಾರ ಬೆಳಿಗ್ಗೆ ಹೊರಟು ರವಿವಾರ ರಾತ್ರಿ ಮರಳಬಹುದಾದಷ್ಟು ಸಮೀಪದಲ್ಲಿ ದಾಂಡೇಲಿಯ ಸೀಮೆಯಿದೆ. ಬೆಂಗಳೂರು, ಪುಣೆ, ಗೋವೆಗಳಿಂದಲೂ ಜನ ಬರುತ್ತಾರೆ. ಕಾಗದದ ಗಿರಣಿಯ ಊರೆಂದು ನಾವು ಶಾಲೆಯಲ್ಲಿ ಓದಿದ್ದ ದಾಂಡೇಲಿ ಈಗ ದೋಣಿಯ ಊರೆಂದು ಹೆಸರಾಗಿದೆ.

ಕಳೆದ ಡಿಸೆಂಬರಿನಲ್ಲಿ ನಾನೂ ಮನೆಮಂದಿಯೊಡನೆ ಈ ವ್ರತವನ್ನು ಆಚರಿಸಿ ಬಂದೆ. ಆದರೆ ಇಳಿದುಕೊಂಡದ್ದು ರಿಸಾರ್ಟಿನಲ್ಲಲ್ಲ. ರಾಮನಗರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ. ಕಾಲೇಜು ಬಿಟ್ಟು ಹತ್ತು ವರ್ಷಗಳಾದರೂ ಗುರುಗಳೆಂಬ ಅಭಿಮಾನದಿಂದ ಪ್ರತಿವರ್ಷ ಕರೆಯುತ್ತಿದ್ದ. ಹೊರಡುವ ಮುನ್ನ ನಮ್ಮ ಸಿಬ್ಬಂದಿಯ ಕೋಣೆಯಲ್ಲಿ "ರಾಮನಗರಕ್ಕೆ ಹೋಗುತ್ತಿದ್ದೇನೆ" ಎಂದಾಗ ಎಲ್ಲರೂ ರೇಷ್ಮೆಯ ಮಾರುಕಟ್ಟೆಯ ರಾಮನಗರವೆಂದೇ ತಿಳಿದರು. ಅದು ಅವರ ತಪ್ಪಲ್ಲ. ಆ ರಾಮನಗರದ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ಸಚಿವ ಸಂಪುಟವು ಒಪ್ಪಿದಾಗ ಪತ್ರಿಕೆಗಳಲ್ಲಿ ಅದೆಷ್ಟು ಚರ್ಚೆ ನಡೆಯಿತು! ಹೆಸರು ಹೋದರೆ ಊರಿನ ಮಾನವೇ ಹೋದಂತೆ ಎಂದು ವಾದಿಸಿದವರಿದ್ದರು. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಈ ಇನ್ನೊಂದು ರಾಮನಗರದ ಜನರು ಕಳೆದುಕೊಂಡದ್ದು ಹೆಸರನ್ನಷ್ಟೇ ಅಲ್ಲ, ಊರನ್ನೇ. ಅದರ ಚರ್ಚೆ ಅಷ್ಟು ದೊಡ್ಡದಾಗಿ ನಡೆದುದನ್ನು ನಾನು ಕಂಡಿಲ್ಲ.

ಬೆಳಗಾವಿಯಿಂದ ಗೋವೆಗೆ ಹೋಗುವ ಹೆದ್ದಾರಿಯಲ್ಲಿ ಖಾನಾಪುರ, ಲೋಂಡಾಗಳನ್ನು ದಾಟಿದ ಮೇಲೆ, ಅನಮೋಡ ಘಟ್ಟಕ್ಕೆ ಮುಂಚೆ ರಾಮನಗರ ಸಿಗುತ್ತದೆ. ಗೋವೆಯ ಲಾರಿಗಳು ನಿಂತು ಹೋಗುವ ಪೇಟೆ. ಫಲಕಗಳಲ್ಲಿ ಕನ್ನಡ, ಅಂಗಡಿಯ ಕಟ್ಟೆಯ ಮೇಲೆ ಕೊಂಕಣಿ ಮತ್ತು ಮರಾಠಿ, ಶಾಲೆಯ ಮಕ್ಕಳ ಬಾಯಲ್ಲಿ ಈ ಮೂರೂ ಕೂಡಿದ ಒಂದು ಸೊಗಸಾದ ಮಿಶ್ರಣ. ಭಾಷೆಯ ಮೇಷ್ಟರಾದ ನನಗೆ ಇದು ಆಕ್ಷೇಪಿಸತಕ್ಕ ಸಂಗತಿಯೆಂದು ಕಾಣಲಿಲ್ಲ. ಗಡಿಯ ಊರು ಹೀಗೆಯೇ ಮಾತನಾಡುತ್ತದೆ. ಗಮನಕ್ಕೆ ಬಂದುದು ಬೇರೆ. ಈ ಊರಿನ ಬಹುಭಾಗವು ತಾನಾಗಿ ಬೆಳೆದದ್ದಲ್ಲ, ನೆಟ್ಟದ್ದು. ಸೂಪಾ ಅಣೆಕಟ್ಟಿನಲ್ಲಿ ಮನೆಮಠ ಮುಳುಗಿದವರಿಗೆ ಪುನರ್ವಸತಿಯ ನೆಲೆಯಾಗಿ ರಾಮನಗರ ಬೆಳೆಯಿತು.

ಸೂಪಾ ಎಂಬುದು ಕಾಳಿಯೂ ಪಾಂಢರಿಯೂ ಕೂಡುವಲ್ಲಿದ್ದ ಒಂದು ಪೇಟೆ. ತಾಲೂಕಿನ ಮುಖ್ಯ ಸ್ಥಳ. ಕಚೇರಿ, ಸಂತೆ, ಶಾಲೆ, ದೇವಸ್ಥಾನಗಳಿದ್ದ ಊರು. ಅಣೆಕಟ್ಟಿನ ಕೆಲಸ 1974ರಲ್ಲಿ ಆರಂಭವಾಗಿ 1987ರಲ್ಲಿ ಪೂರೈಸಿತು. ಪೇಟೆಯೂ ಸುತ್ತಲಿನ ಹಳ್ಳಿಗಳೂ ನೀರಿನಡಿಯಲ್ಲಿ ಸೇರಿದವು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು, ತಾಲೂಕಿಗೂ ಆ ಹೆಸರೇ ಬಂದಿತು. ಜನರು ರಾಮನಗರದವರಾದರು. ಇಂದು ಅದೇ ತಾಲೂಕಿನ ನೆಲದಲ್ಲಿರುವ ಬಹಳಷ್ಟು ರಿಸಾರ್ಟುಗಳು ನೆರೆಯ ತಾಲೂಕಿನ ಹೆಸರು ಹಿಡಿದು ತಮ್ಮನ್ನು 'ದಾಂಡೇಲಿ'ಯವೆಂದು ಕರೆದುಕೊಳ್ಳುತ್ತವೆ. ಹೀಗೆ ಕಚೇರಿ ಒಂದು ಹೆಸರಿಗೆ, ಜನ ಒಂದು ಹೆಸರಿಗೆ, ವ್ಯಾಪಾರ ಇನ್ನೊಂದು ಹೆಸರಿಗೆ ಹಂಚಿಹೋಗಿ, ಸೂಪಾ ಎಂಬ ಶಬ್ದವು ಈಗ ಮುಖ್ಯವಾಗಿ ಉಳಿದಿರುವುದು ಆ ಊರನ್ನು ಮುಳುಗಿಸಿದ ಅಣೆಕಟ್ಟಿಗೆ ಮಾತ್ರ. ಹಿರಿಯರು ಇನ್ನೂ 'ಸೂಪಾ ತಾಲೂಕು' ಎನ್ನುತ್ತಾರೆ; ಕಿರಿಯರು ಅದನ್ನು ತಿದ್ದುತ್ತಾರೆ.

ಈ ಅಣೆಕಟ್ಟಿನ ಪ್ರಮಾಣವನ್ನು ವಾಚಕರು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಎತ್ತರ 101 ಮೀಟರು, ಉದ್ದ 332 ಮೀಟರು. ಹಿಡಿಯುವ ನೀರು ಸುಮಾರು 147 ಟಿ.ಎಂ.ಸಿ. ಕಾವೇರಿಯ ಕೃಷ್ಣರಾಜಸಾಗರವು 49 ಟಿ.ಎಂ.ಸಿ. ನೀರಿನದೆಂದರೆ, ಸೂಪಾ ಅಂಥ ಮೂರು ಕನ್ನಂಬಾಡಿಗಳಿಗೆ ಸಮನಾಯಿತು. ಆದರೂ ಕನ್ನಂಬಾಡಿಯ ಮಟ್ಟ ಒಂದು ಅಡಿ ಏರಿದರೂ ಇಳಿದರೂ ನಮಗೆ ತಿಳಿಯುತ್ತದೆ. ಸೂಪಾದ ಮಟ್ಟವನ್ನು ಕೇಳುವವರು ವಿರಳ. ಕಾರಣ ಸ್ಪಷ್ಟವೇ ಇದೆ. ಸೂಪಾದ ನೀರು ಗದ್ದೆಗೆ ಹರಿಯುವುದಿಲ್ಲ, ಯಂತ್ರಕ್ಕೆ ಹರಿಯುತ್ತದೆ. ಅಣೆಕಟ್ಟಿನ ಬುಡದಲ್ಲಿಯೇ 50 ಮೆಗಾವಾಟಿನ ಎರಡು ಯಂತ್ರಗಳಿವೆ. ಅಲ್ಲಿಂದ ಹೊರಬಿದ್ದ ನೀರು ಬೊಮ್ಮನಹಳ್ಳಿಯ ಕಟ್ಟೆಯಲ್ಲಿ ನಿಂತು, ಸುರಂಗದ ಮಾರ್ಗವಾಗಿ ನಾಗಝರಿಯ ವಿದ್ಯುದಾಗಾರಕ್ಕೆ ಇಳಿದು, ಸುಮಾರು 900 ಮೆಗಾವಾಟಿನ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸುತ್ತದೆ. ಮುಂದೆ ಕೊಡಸಳ್ಳಿ, ಕದ್ರಾ. ದಿಗ್ಗಿಯ ಕಾಡಿನಲ್ಲಿ ಹುಟ್ಟಿ ಕಾರವಾರದ ಬಳಿ ಕಡಲನ್ನು ಸೇರುವ 184 ಕಿಲೋಮೀಟರಿನ ಒಂದು ಹೊಳೆಯನ್ನು ಇಷ್ಟು ಸಲ ದುಡಿಸಿಕೊಂಡ ಉದಾಹರಣೆ ನಮ್ಮ ನಾಡಿನಲ್ಲಿ ಹೆಚ್ಚಿಲ್ಲ.

ಜಲವಿಹಾರದ ಗುಟ್ಟು ಇಲ್ಲಿಯೇ ಇದೆ. ಮಳೆಯ ಹೊಳೆಗಳು ಬೇಸಿಗೆಗೆ ಸೊರಗುವುದು ಪ್ರಕೃತಿಯ ನಿಯಮ. ಗಣೇಶಗುಡಿಯ ಕೆಳಗೆ ಕಾಳಿ ಮಾತ್ರ ಏಪ್ರಿಲ್ ತಿಂಗಳಿನಲ್ಲಿಯೂ ನೊರೆ ಕಾರಿ ಹರಿಯುತ್ತಾಳೆ. ರಬ್ಬರಿನ ದೋಣಿಯಲ್ಲಿ ಕುಳಿತು ಕಲ್ಲುಗಳ ನಡುವಿನ ಇಳಿಜಾರಿನಲ್ಲಿ ನುಗ್ಗುವ ಆ ವಿನೋದವು ಸಾಧ್ಯವಾಗುವುದು ಮೇಲೆ ಯಂತ್ರಗಳು ತಿರುಗಿ ನೀರು ಹೊರಬಿದ್ದಾಗ. ನಗರಗಳಲ್ಲಿ ಸಂಜೆಯ ದೀಪಗಳು, ಬೇಸಿಗೆಯ ಪಂಕಗಳು ಎಷ್ಟು ವಿದ್ಯುತ್ತನ್ನು ಬೇಡುತ್ತವೆಯೋ ಅದಕ್ಕೆ ತಕ್ಕಂತೆ ಇಲ್ಲಿಯ ಹೊಳೆ ಉಬ್ಬುತ್ತದೆ, ಇಳಿಯುತ್ತದೆ. ವಿಹಾರಕ್ಕೆ ಬಂದವನು ನಿಸರ್ಗದ ಆಟವೆಂದು ನೋಡಿ ಮೆಚ್ಚುವುದು ವಾಸ್ತವವಾಗಿ ವಿದ್ಯುತ್ತಿನ ವೇಳಾಪಟ್ಟಿಯನ್ನು. ನಾನೂ ಹೀಗೆಯೇ ಮೆಚ್ಚಿದವನು. ಇದನ್ನು ತಿಳಿಸಿಕೊಟ್ಟವರು ನನ್ನ ವಿದ್ಯಾರ್ಥಿಯ ತಂದೆ.

ಅವರಿಗೆ ಈಗ ಎಪ್ಪತ್ತರ ಹತ್ತಿರ. ಸೂಪಾದಲ್ಲಿ ಹುಟ್ಟಿ ಬೆಳೆದವರು. ನಮ್ಮೊಡನೆ ಗಣೇಶಗುಡಿಗೆ ಬಂದರು, ದಂಡೆಯ ಒಂದು ಕಲ್ಲಿನ ಮೇಲೆ ಕುಳಿತರು. ಮಕ್ಕಳು ಅವಸರ ಮಾಡುತ್ತಿದ್ದವು. ನಾನು "ಕಾಕಾ, ನೀವೂ ಬರ್ರೆಲಾ" ಎಂದು ಕರೆದೆ.

"ಬ್ಯಾಡ್ರಿ ಮಾಸ್ತರ, ಇನ್ನೂ ನೀರು ಬಂದಿಲ್ಲ. ತಡೀರಿ" ಎಂದರು. ಸ್ವಲ್ಪ ಹೊತ್ತಿನಲ್ಲಿಯೇ ಹೊಳೆ ಏರಿತು. ಒಣಗಿದ್ದ ಬಂಡೆಗಳು ಒಂದೊಂದಾಗಿ ಮರೆಯಾದವು. ಅವರು ನಕ್ಕು, "ಈಗ ಹೋಗ್ರಿ. ಈ ನೀರು ನಿನ್ನೆ ತನಕಾ ನಮ್ಮ ಓಣಿ ಮ್ಯಾಲೆ ನಿಂತಿತ್ತು" ಎಂದರು. ಆ ಮಾತಿನಲ್ಲಿ ಕಹಿಯಿರಲಿಲ್ಲ. ಬಸ್ಸು ಎಲ್ಲಿಂದ ಬಂತೆಂದು ಹೇಳುವಷ್ಟು ಸಹಜವಾಗಿ ಹೇಳಿದರು.

ನಮ್ಮ ದೋಣಿಯ ಹುಟ್ಟು ಹಿಡಿದು ಮುಂದಾಳಾಗಿ ಬಂದವನು ಅವರ ಮೊಮ್ಮಗ, ನನ್ನ ವಿದ್ಯಾರ್ಥಿಯ ಅಣ್ಣನ ಮಗ. ಇಪ್ಪತ್ತೊಂದರ ತರುಣ. ನೀರಿನ ಸುಳಿ ಎಲ್ಲಿ, ಕಲ್ಲು ಎಲ್ಲಿ, ಯಾವ ಕ್ಷಣದಲ್ಲಿ ಎಲ್ಲರೂ ಬಗ್ಗಬೇಕು ಎಂಬುದನ್ನು ಹಿಂದಿ, ಮರಾಠಿ, ಕನ್ನಡಗಳಲ್ಲಿ ಸರದಿಯಂತೆ ಕೂಗಿ ಹೇಳುತ್ತಿದ್ದ. ಲೈಫ್ ಜಾಕೆಟ್ಟುಗಳನ್ನು ಕೊಟ್ಟಾಗ ನನ್ನ ಮಗಳದರ ಕೊಂಡಿ ಮುರಿದಿತ್ತು. ಅವನು ಅದನ್ನು ಕಂಡು, ಯಾರಿಗೂ ಹೇಳದೆ, ತನ್ನದನ್ನು ಬಿಚ್ಚಿ ಅವಳಿಗೆ ತೊಡಿಸಲು ಮುಂದಾದ. ನಾನು ಒಪ್ಪಲಿಲ್ಲ. ಹತ್ತು ನಿಮಿಷ ಜಗಳವಾಡಿದ ಮೇಲೆ ಬೇರೊಂದು ಬಂದಿತು. ಯಜಮಾನಿಕೆ ಯಾರದೆಂಬುದು ಇಲ್ಲಿ ಅಪ್ರಸ್ತುತ. ಅವರು ಆ ಸೀಮೆಯವರಲ್ಲ ಎಂಬುದಷ್ಟೇ ಪ್ರಸ್ತುತ. ಹುಡುಗನಿಗೆ ದಿನಗೂಲಿ. ಮಳೆಗಾಲದಲ್ಲಿ ದೋಣಿ ನಿಂತರೆ ಕೂಲಿಯೂ ನಿಲ್ಲುತ್ತದೆ.

ಅಜ್ಜನ ಓಣಿಯ ಮೇಲಿನ ನೀರು, ಮೊಮ್ಮಗನ ತೋಳಿನ ಬಲ, ಹೊರಗಿನವರ ಲಾಭ ಎಂಬ ಈ ವ್ಯವಸ್ಥೆಯನ್ನು ನಾವು ಕೂಲಂಕಷವಾಗಿ ವಿಚಾರಿಸಬೇಕಾಗಿದೆ. ಪ್ರವಾಸೋದ್ಯಮದಿಂದ ಸ್ಥಳೀಯರಿಗೆ ಉದ್ಯೋಗ ದೊರೆಯುತ್ತದೆ ಎಂಬ ಮಾತನ್ನು ಭಾಷಣಗಳಲ್ಲಿ ಕೇಳುತ್ತೇವೆ. ದೊರೆಯುತ್ತದೆ, ನಿಜ. ಹಾಸಿಗೆ ಕೊಡಹುವುದು, ತಟ್ಟೆ ತೊಳೆಯುವುದು, ಹುಟ್ಟು ಹಾಕುವುದು, ಇವೆಲ್ಲವೂ ಉದ್ಯೋಗಗಳೇ. ಆದರೆ ಕೂಲಿಗೂ ಪಾಲಿಗೂ ಇರುವ ಅಂತರವನ್ನು ಮರೆಯಬಾರದು. ನೆಲವನ್ನು ಬಿಟ್ಟುಕೊಟ್ಟವನಿಗೆ ಅದೇ ನೆಲದ ಮೇಲೆ ಕೂಲಿ ಸಿಕ್ಕಿತೆಂದರೆ ಅದನ್ನು ಪರಿಹಾರವೆಂದು ಎಣಿಸಲಾದೀತೆ?

ಆ ಕಾಲದ ಭೂಸ್ವಾಧೀನವು ನಡೆದದ್ದು 1894ರ ಕಾಯಿದೆಯ ಪ್ರಕಾರ. ಅಧಿಸೂಚನೆ ಹೊರಟ ದಿನದ ಮಾರುಕಟ್ಟೆಯ ಬೆಲೆ, ಅದರ ಮೇಲೆ ಒಂದು ಸಾಂತ್ವನದ ಮೊತ್ತ; ಈ ಮೊತ್ತವು ಮೊದಲು ನೂರಕ್ಕೆ 15, 1984ರ ತಿದ್ದುಪಡಿಯ ಬಳಿಕ ನೂರಕ್ಕೆ 30. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಭೂಮಿಯನ್ನು ಕೊಳ್ಳುವ ಮಾರುವ ರೂಢಿಯೇ ವಿರಳವಾಗಿದ್ದ ಕಾಡಿನ ಸೀಮೆಯಲ್ಲಿ ಮಾರುಕಟ್ಟೆಯ ಬೆಲೆಯೆಂದರೆ ಏನು? ಕುಣಬಿಯ ಕುಮರಿ ಬೇಸಾಯಕ್ಕೆ, ಗೌಳಿಯ ದನ ಮೇಯುವ ಬೇಣಕ್ಕೆ, ಹೊಳೆಯ ಮೀನಿಗೆ, ಕಾಡಿನ ಜೇನಿಗೆ, ಗೆಡ್ಡೆಗೆಣಸಿಗೆ ಯಾವ ಪೇಟೆಯಲ್ಲಿ ದರ ನಿಗದಿಯಾಗಿತ್ತು? ಪಹಣಿಯಲ್ಲಿ ಹೆಸರಿಲ್ಲದವನಿಗೆ ಆ ಕಾಯಿದೆಯಲ್ಲಿ ಸ್ಥಾನವೇ ಇರಲಿಲ್ಲ. ಒಟ್ಟಿನಲ್ಲಿ ಅದು ಭೂಮಿಯ ಬೆಲೆಯನ್ನು ಲೆಕ್ಕ ಹಾಕಿತು, ಬದುಕಿನ ಬೆಲೆಯನ್ನಲ್ಲ.

2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನದ ಕಾಯಿದೆ (ಅದನ್ನು 2013ರ ಕಾಯಿದೆ ಎನ್ನುವುದು ರೂಢಿ) ಈ ದೋಷವನ್ನು ಒಂದಿಷ್ಟು ಅರಿತಿದೆ. ಅದರ ಎರಡನೆಯ ಅನುಸೂಚಿಯಲ್ಲಿ ಒಂದು ಸಣ್ಣ ವಾಕ್ಯವುಂಟು: ನೀರಾವರಿ ಅಥವಾ ಜಲವಿದ್ಯುತ್ತಿನ ಯೋಜನೆಗಳಲ್ಲಿ ಸಂತ್ರಸ್ತ ಕುಟುಂಬಗಳಿಗೆ ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕನ್ನು ಕೊಡಬಹುದು ಎಂಬುದು ಅದರ ತಾತ್ಪರ್ಯ. 'ಕೊಡಬಹುದು' ಎಂದಿದೆ, 'ಕೊಡತಕ್ಕದ್ದು' ಎಂದಿಲ್ಲ. ವ್ಯಾಕರಣ ಕಲಿಸುವವನಿಗೆ ಈ ಎರಡು ಕ್ರಿಯಾಪದಗಳ ನಡುವಣ ಕಂದಕ ಚೆನ್ನಾಗಿ ಕಾಣುತ್ತದೆ. ಅಲ್ಲದೆ ದಶಕಗಳ ಹಿಂದೆ ಮುಗಿದುಹೋದ ಸೂಪಾದ ಸ್ವಾಧೀನಕ್ಕೆ ಇದು ಅನ್ವಯಿಸುವುದೂ ಇಲ್ಲ. ಹಾಗಿದ್ದರೂ ಆ ವಾಕ್ಯದಲ್ಲಿ ಒಂದು ತತ್ತ್ವವು ಒಪ್ಪಿತವಾಗಿದೆ. ಮುಳುಗಿದ ನೆಲದ ಮೇಲೆ ನಿಂತ ನೀರಿನಿಂದ ಮುಂದೆ ಹುಟ್ಟುವ ಆದಾಯದಲ್ಲಿ ಮುಳುಗಡೆಯಾದವರಿಗೆ ಒಂದು ಮೊದಲ ಹಕ್ಕಿದೆ ಎಂಬುದೇ ಆ ತತ್ತ್ವ. ಕಾಯಿದೆಯನ್ನು ಬರೆದವರ ಕಣ್ಣ ಮುಂದೆ ಮೀನು ಇತ್ತು. ಈಗ ಕಾಳಿಯ ನೀರಿನಲ್ಲಿ ಮೀನಿಗಿಂತ ದೊಡ್ಡ ಆದಾಯ ದೋಣಿಯದು. ಮೀನಿಗೆ ಸಲ್ಲುವ ನ್ಯಾಯ ದೋಣಿಗೆ ಏಕೆ ಸಲ್ಲಬಾರದು?

ನಾನು ಹೇಳಬೇಕೆಂದಿರುವುದು ಇಷ್ಟೇ. ಸೂಪಾದ ಹಿನ್ನೀರಿನಲ್ಲಿಯೂ ಅದರ ಕೆಳಗಣ ಹೊಳೆಯಲ್ಲಿಯೂ ದೋಣಿ ನಡೆಸುವ ಪರವಾನಿಗೆಯನ್ನು ಕೊಡುವಾಗ, ರಾಮನಗರ ಮೊದಲಾದ ಪುನರ್ವಸತಿಯ ಊರುಗಳವರೂ ದಂಡೆಯ ಹಳ್ಳಿಗಳ ಕುಣಬಿ, ಗೌಳಿ ಜನರೂ ಕೂಡಿದ ಸಹಕಾರಿ ಸಂಘಗಳಿಗೆ ಮೊದಲ ಸ್ಥಾನವಿರಬೇಕು. ಹೊರಗಿನ ರಿಸಾರ್ಟಿನವರು ಬೇಕಾದರೆ ಅತಿಥಿಗಳಿಗೆ ಊಟ ಹಾಕಲಿ, ಹಾಸಿಗೆ ಕೊಡಲಿ. ನೀರಿನ ಮೇಲಿನ ದುಡ್ಡು ನೀರಿಗೆ ಊರು ಕೊಟ್ಟವರ ಸಂಘಕ್ಕೆ ಸಲ್ಲಲಿ.

ಇದು ಸ್ವಪ್ನದ ಮಾತೆಂದು ನಗುವವರಿಗೆ ಎರಡು ಊರುಗಳ ವೃತ್ತಾಂತವನ್ನು ಹೇಳಬಹುದು. ಮಧ್ಯಪ್ರದೇಶದ ತವಾ ಜಲಾಶಯದಲ್ಲಿ ನೆಲ ಕಳೆದುಕೊಂಡ ಆದಿವಾಸಿಗಳು ಬಹುಕಾಲ ಹೋರಾಡಿ 1996ರಲ್ಲಿ ಮೀನುಗಾರಿಕೆಯ ಹಕ್ಕನ್ನು ಪಡೆದರು. ಅವರ ಸಹಕಾರಿ ಸಂಘಗಳ ಒಕ್ಕೂಟವಾದ 'ತವಾ ಮತ್ಸ್ಯ ಸಂಘ'ವು ಹತ್ತು ವರ್ಷಗಳ ಕಾಲ ಮೀನನ್ನು ಹಿಡಿದು, ಮಾರಿ, ಮರಿಗಳನ್ನು ಬಿಟ್ಟು, ಲೆಕ್ಕವಿಟ್ಟು ನಡೆಯಿತು. ಕಾಡಿನವರಿಗೆ ವ್ಯವಹಾರ ತಿಳಿಯದು ಎಂಬ ಮಾತಿಗೆ ಅದು ಸಾಕಷ್ಟು ಉತ್ತರವಾಗಿತ್ತು. ಆದರೆ 2006ರ ಕೊನೆಗೆ ಆ ಹಕ್ಕು ಮುಂದುವರಿಯಲಿಲ್ಲ. ಜಲಾಶಯವು ಸಾತಪುಡಾದ ಸಂರಕ್ಷಿತ ಅರಣ್ಯದೊಳಗೆ ಸೇರುತ್ತದೆ ಎಂಬುದು ಅಡ್ಡಬಂದಿತು. ನಮ್ಮ ಸೀಮೆಗೆ ಇದು ದೂರದ ಕಥೆಯಲ್ಲ. ದಾಂಡೇಲಿಯ ಕಾಡು 1956ರಲ್ಲಿ ಅಭಯಾರಣ್ಯವಾಯಿತು, ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಎರಡೂ ಕೂಡಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರನ್ನು ಪಡೆದವು. ಅಣೆಕಟ್ಟು ಒಂದು ಬದಿಯಿಂದ, ಹುಲಿಯ ಹೆಸರು ಇನ್ನೊಂದು ಬದಿಯಿಂದ ಬಂದು ನಡುವೆ ನಿಂತವರು ಜೋಯಿಡಾದ ಜನ. ಕಾಡಿನೊಳಗಿನ ಕುಟುಂಬಗಳು ತಾವಾಗಿ ಹೊರಬಂದರೆ 10 ಲಕ್ಷ, 2021ರಿಂದ 15 ಲಕ್ಷ ರೂಪಾಯಿ ಎಂಬ ಕೇಂದ್ರದ ಯೋಜನೆಯೂ ಇದೆ. ಒಮ್ಮೆ ನೀರಿಗಾಗಿ ಎದ್ದ ಸೀಮೆಯಲ್ಲಿ ಮತ್ತೊಮ್ಮೆ ಏಳುವ ಮಾತು.

ಎರಡನೆಯ ಊರು ಕೇರಳದ ತೇಕ್ಕಡಿ. ಅದೂ ಅಣೆಕಟ್ಟಿನಿಂದಾದ ಸರೋವರವೇ, ಅದೂ ಹುಲಿಯ ಕಾಡೇ. ಅಲ್ಲಿ ಕಾಡುದಾಲ್ಚಿನ್ನಿಯ ತೊಗಟೆಯನ್ನು ಕದ್ದು ಸುಲಿಯುತ್ತಿದ್ದವರನ್ನೇ 1990ರ ದಶಕದ ಕೊನೆಯಲ್ಲಿ ಅರಣ್ಯ ಇಲಾಖೆಯವರು ಕರೆದು, ಸಮಿತಿ ಮಾಡಿಸಿ, ಕಾಡಿನ ಕಾವಲನ್ನೂ ಪ್ರವಾಸಿಗಳ ಮಾರ್ಗದರ್ಶನವನ್ನೂ ಒಪ್ಪಿಸಿದರು. ಬಿದಿರಿನ ತೆಪ್ಪದಲ್ಲಿ ಪ್ರವಾಸಿಗಳನ್ನು ಕರೆದೊಯ್ಯುವ ವ್ಯವಸ್ಥೆ ಸ್ಥಳೀಯರ ಇಂಥ ಸಮಿತಿಗಳ ಕೈಯಲ್ಲಿ ಬೆಳೆಯಿತು. ಹುಲಿಯ ಕಾಡಿನಲ್ಲಿ ಜನರ ಸಂಘವು ದೋಣಿ ನಡೆಸಲಾಗದೆಂಬ ವಾದ ತೇಕ್ಕಡಿಯ ಮುಂದೆ ನಿಲ್ಲುವುದಿಲ್ಲ.

ಅದೇ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ಎರಡು ಅಂತಸ್ತಿನ ಪ್ರವಾಸಿ ದೋಣಿಯೊಂದು ಮಗುಚಿ 45 ಜನ ಸತ್ತರು ಎಂಬುದನ್ನೂ ಮರೆಯಲಾಗದು. ದೊಡ್ಡ ದೋಣಿ, ಹೆಚ್ಚು ಜನ, ಹೆಚ್ಚು ಹಣ ಎಂಬ ಲೆಕ್ಕ ಎಲ್ಲಿ ಬಂದರೂ ಹೀಗೆಯೇ. ನಮ್ಮ ಕಾಳಿಯ ಅಳಿವೆಯ ಹೊರಗೆ, 2019ರ ಜನವರಿ 21ರಂದು, ಕೂರ್ಮಗಡದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಜನ ತೀರಿಕೊಂಡರು. 2024ರ ಜನವರಿ 18ರಂದು ವಡೋದರೆಯ ಹರಣಿ ಕೆರೆಯಲ್ಲಿ ಶಾಲೆಯ ವಿಹಾರಕ್ಕೆ ಹೋದ 12 ಮಕ್ಕಳೂ 2 ಶಿಕ್ಷಕಿಯರೂ ಮುಳುಗಿದರು. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದೊಯ್ಯುವ ನನ್ನಂಥವರಿಗೆ ಆ ಸುದ್ದಿಯನ್ನು ಓದಿ ಎರಡು ದಿನ ನಿದ್ದೆ ಬರಲಿಲ್ಲ. 2021ರ ಒಳನಾಡು ನೌಕಾ ಕಾಯಿದೆಯು ಯಂತ್ರದ ದೋಣಿಗಳಿಗೆ ತಪಾಸಣೆ, ನೋಂದಣಿಗಳನ್ನು ವಿಧಿಸಿರುವುದಲ್ಲದೆ, ಯಂತ್ರವಿಲ್ಲದ ನಾವೆಗಳಿಗೂ ಒಂದು ಅಧ್ಯಾಯವನ್ನು ಮೀಸಲಿಟ್ಟು, ಅವುಗಳ ದಾಖಲೆಯನ್ನು ಸ್ಥಳೀಯ ಸ್ವರಾಜ್ಯ ಸಂಸ್ಥೆಗಳಿಗೆ ಒಪ್ಪಿಸುವ ಮಾರ್ಗವನ್ನು ತೋರಿಸಿದೆ. ಗ್ರಾಮ ಪಂಚಾಯತಿಯ ಕಟ್ಟೆಯಲ್ಲಿ ಪ್ರತಿಯೊಂದು ದೋಣಿಯ ಸಂಖ್ಯೆ, ಹತ್ತಬಹುದಾದ ಜನರ ಸಂಖ್ಯೆ, ಮುಂದಾಳಿನ ಹೆಸರುಗಳನ್ನು ಬರೆದು ಹಾಕುವುದು ಕಷ್ಟದ ಕೆಲಸವಲ್ಲ. ಯಂತ್ರಗಳಿಂದ ನೀರು ಬಿಡುವ ಹೊತ್ತನ್ನು ಅದೇ ಹಲಗೆಯ ಮೇಲೆ ಪ್ರಕಟಿಸಬೇಕು. ಈಗ ಅದು ದಂಡೆಯ ಕಲ್ಲಿನ ಮೇಲೆ ಕುಳಿತ ಮುದುಕರ ಅನುಭವಕ್ಕೆ ಬಿಟ್ಟಂತಿದೆ.

ಆಕ್ಷೇಪಣೆಗಳಿಲ್ಲದೆ ಇಲ್ಲ. ಸಂಘ ಕಟ್ಟಿದರೆ ನಾಲ್ಕು ದಿನಗಳಲ್ಲಿ ಅದರ ಅಧ್ಯಕ್ಷನು ಪರವಾನಿಗೆಯನ್ನು ಹೊರಗಿನ ಗುತ್ತಿಗೆದಾರನಿಗೇ ಮರುಗುತ್ತಿಗೆ ಕೊಟ್ಟು ಮನೆಯಲ್ಲಿ ಕೂಡುತ್ತಾನೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು. ನಮ್ಮ ಸಹಕಾರಿ ಸಂಘಗಳ ಇತಿಹಾಸವನ್ನು ಬಲ್ಲವರು ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾರರು, ನಾನೂ ತಳ್ಳಿಹಾಕುವುದಿಲ್ಲ. ಮರುಗುತ್ತಿಗೆಯಾದೊಡನೆ ಪರವಾನಿಗೆ ರದ್ದಾಗುವ ನಿಬಂಧನೆಯನ್ನು ಮೊದಲೇ ಬರೆದಿಡಬಹುದು. ಅದನ್ನು ಪಾಲಿಸುವ ಧೈರ್ಯ ಕಚೇರಿಗಳಿಗೆ ಇರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಆದರೆ ಸಂಘ ಕೆಡಬಹುದೆಂಬ ಭಯದಿಂದ ಹಕ್ಕನ್ನೇ ಕೊಡದಿರುವುದು, ಮಗು ಬಿದ್ದೀತೆಂದು ನಡೆಯಲು ಬಿಡದಿರುವ ತಾಯಿಯ ರೀತಿಯಾಯಿತು. ಹಣವುಳ್ಳವರ ಸಂಸ್ಥೆಗಳು ಕೆಡುವುದಿಲ್ಲವೆಂದು ಯಾರಾದರೂ ಹೊಣೆ ನಿಂತಿದ್ದಾರೆಯೇ? ಮುರಿದ ಕೊಂಡಿಯ ಜಾಕೆಟ್ಟನ್ನು ನಾನು ಕಂಡದ್ದು ಸಂಘದಲ್ಲಿ ಅಲ್ಲ.

ಇನ್ನೊಂದು ಮಾತು ಕಾಲಕ್ಕೆ ಸಂಬಂಧಿಸಿದ್ದು. ಮುಳುಗಡೆಯಾಗಿ ಇಷ್ಟು ವರ್ಷಗಳಾದ ಮೇಲೆ ಹಕ್ಕಿನ ಮಾತೇನು, ಹಳೆಯದನ್ನು ಕೆದಕುವುದೇಕೆ ಎನ್ನುವವರುಂಟು. ಅವರು ಶರಾವತಿಯ ಕಡೆಗೆ ನೋಡಬೇಕು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಪೂರೈಸಿದಂದಿನಿಂದ ಹಿನ್ನೀರಿನ ಆಚೆಯ ಹಳ್ಳಿಗಳವರು ಲಾಂಚಿನ ದಾರಿ ಕಾಯುತ್ತ ಬದುಕಿದರು. ಸಿಗಂದೂರಿಗೆ ಹೋಗುವ ನಮಗೆಲ್ಲ ಆ ಲಾಂಚು ಒಂದು ವಿನೋದವಾಗಿತ್ತು. ಹೆರಿಗೆಯ ನೋವಿನವಳನ್ನು ಸಾಗರದ ಆಸ್ಪತ್ರೆಗೆ ಸಾಗಿಸಬೇಕಾದ ಮನೆಯವರಿಗೆ ಅದು ವಿನೋದವಾಗಿರಲಿಲ್ಲ. ಅವರಿಗೆ ಸುಮಾರು 2.4 ಕಿಲೋಮೀಟರಿನ ಸೇತುವೆ ದೊರೆತದ್ದು 2025ರ ಜುಲೈ 14ರಂದು, ಅರವತ್ತೊಂದು ವರ್ಷಗಳ ಮೇಲೆ. ಅಷ್ಟು ತಡವಾಗಿಯೂ ಅದನ್ನು ಬೇಡವೆಂದವರಿಲ್ಲ. ತರಗತಿಯಲ್ಲಿ ಮುಳುಗಡೆಯ ಮಾತೆತ್ತಿದರೆ ನನ್ನ ವಿದ್ಯಾರ್ಥಿಗಳು ತಟ್ಟನೆ ಶರಾವತಿಯನ್ನು ಹೆಸರಿಸುತ್ತಾರೆ. 2025ರ ಜನವರಿಯಲ್ಲಿ ನಮ್ಮನ್ನಗಲಿದ ನಾ. ಡಿಸೋಜರ 'ಮುಳುಗಡೆ', 'ದ್ವೀಪ'ಗಳೂ, 'ದ್ವೀಪ'ವನ್ನು ಆಧರಿಸಿ 2002ರಲ್ಲಿ ಬಂದ ಗಿರೀಶ ಕಾಸರವಳ್ಳಿಯವರ ಚಿತ್ರವೂ ಮಾಡಿದ ಉಪಕಾರವದು. ಕಾಳಿಯನ್ನು ಹೆಸರಿಸುವ ವಿದ್ಯಾರ್ಥಿಯನ್ನು ನಾನು ಇನ್ನೂ ಕಂಡಿಲ್ಲ. ರಾಮನಗರದಿಂದ ಬಂದಿದ್ದ ಆ ಒಬ್ಬನೂ, ತಾನು ಓದುತ್ತಿದ್ದ ಮೂರು ವರ್ಷಗಳಲ್ಲಿ, ತನ್ನ ಮನೆಯ ಕಥೆಯನ್ನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಆ ಮನೆಯ ಹಿತ್ತಿಲಲ್ಲಿ ಮುಡ್ಲಿಯ ಗೆಡ್ಡೆಗಳನ್ನು ಚೀಲಕ್ಕೆ ತುಂಬಿ ನಮ್ಮ ಕೈಗಿತ್ತರು. ಸೂಪಾದಿಂದ ಬರುವಾಗ ಅಜ್ಜಿ ತಂದ ಬೀಜದ ಗೆಡ್ಡೆಯಿಂದ ಬೆಳೆದದ್ದಂತೆ. ತರುಣನು ಬಸ್ಸಿನವರೆಗೆ ಬಂದ. ದಾರಿಯಲ್ಲಿ, ಮಳೆಗಾಲದಲ್ಲಿ ದೋಣಿ ನಿಂತಾಗ ಏನು ಮಾಡುತ್ತೀ ಎಂದು ಕೇಳಿದೆ.

"ಗೋವಾಕ್ಕ ಹೋಗ್ತೇನ್ರಿ ಸರ್, ಹೋಟೆಲ್ ಕೆಲಸಕ್ಕ. ಗಣಪತಿ ಹಬ್ಬಕ್ಕ ಬರ್ತೇನಿ, ದೀಪಾವಳಿ ಹೊತ್ತಿಗೆ ಮತ್ತ ದೋಣಿ ಚಾಲೂ ಆಗ್ತದ."

"ಸ್ವಂತದ್ದೊಂದು ದೋಣಿ ಮಾಡಬಾರದೇನು?"

"ದೋಣಿ ಸಾಲಾ ತಗೊಂಡಾದ್ರೂ ಮಾಡಬಹುದ್ರಿ. ನೀರಿಗೆ ಇಳಸೂದಕ್ಕ ಪರ್ಮಿಟ್ ಬೇಕಲ್ರಿ" ಎಂದು ಹೇಳಿ, ಗೋವೆಯ ಕಡೆಯಿಂದ ಬಂದ ಬಸ್ಸಿಗೆ ಕೈಮಾಡಿ ನಿಲ್ಲಿಸಿ, ನಮ್ಮ ಚೀಲಗಳನ್ನು ಒಂದೊಂದಾಗಿ ಮೇಲೆ ಕೊಟ್ಟ.